ಕಾಕ್ಸ್ .049: ಸೂಟ್‌ಕೇಸಿಗೆ ಹಿಡಿಸುವ ಸ್ಟಂಟ್ ವಿಮಾನಕ್ಕೆ ಯಾವ ಟ್ಯಾಂಕಿನ ಎಂಜಿನ್ ಕೊಳ್ಳಬೇಕು?

ತಂತಿ ಹಿಡಿದು ಹಾರಿಸುವ ಕಂಟ್ರೋಲ್ ಲೈನ್ ಮಾಡೆಲ್ ವಿಮಾನಗಳಿಗೆ ಕಾಕ್ಸ್ ಕಂಪನಿ ಮಾಡಿದ, ಘನ ಇಂಚಿನ ಲೆಕ್ಕದಲ್ಲಿ .049 ಎಂದು ಕರೆಯುವ ಪುಟ್ಟ ಎಂಜಿನ್‌ಗಳಲ್ಲಿ ಬೇಬ್ ಬೀ ಒಳ್ಳೆಯದು. ಆದರೂ ಸ್ಟಂಟ್ ಹಾರಿಸುವ ಆಸೆಯಿದ್ದರೆ ಅದನ್ನು ಕೊಳ್ಳಬೇಡಿ. ಅದೇ ಮನೆತನದ ಬೇರೆ ಎರಡು ಮೂರು ಎಂಜಿನ್‌ಗಳಿವೆ, ಅವುಗಳಲ್ಲೊಂದನ್ನು ಆರಿಸಿ. ಯಾಕೆ, ಯಾವುದು, ಅದರ ಬೆನ್ನಿಗೆ ಎಂಥ ವಿಮಾನ ಕಟ್ಟಬೇಕು ಎನ್ನುವುದು ಮುಂದಿದೆ.

ಕಂಟ್ರೋಲ್ ಲೈನ್ ಎಂದರೆ ಏನೆಂದು ಗೊತ್ತಿಲ್ಲದವರಿಗೆ: ಇಲ್ಲಿ ರೇಡಿಯೋ ಇಲ್ಲ, ರಿಮೋಟ್ ಇಲ್ಲ. ವಿಮಾನದ ಎಡರೆಕ್ಕೆಯ ತುದಿಯಿಂದ ಎರಡು ತೆಳು ತಂತಿ ಹೊರಟು ಹಾರಿಸುವವರ ಕೈಹಿಡಿಗೆ ಬರುತ್ತವೆ. ಅವರು ನಡುವೆ ನಿಂತು ತಿರುಗುತ್ತಾರೆ, ವಿಮಾನ ಸುತ್ತು ಹೊಡೆಯುತ್ತದೆ. ಮಣಿಕಟ್ಟು ಮೇಲೆತ್ತಿದರೆ ಏರುತ್ತದೆ, ಬಗ್ಗಿಸಿದರೆ ಇಳಿಯುತ್ತದೆ. ಲೂಪು, ತಲೆಕೆಳಗಿನ ಹಾರಾಟ, ಎಂಟರ ಆಕಾರ, ಎಲ್ಲವೂ ಆ ಎರಡು ತಂತಿಗಳ ಮೇಲೆಯೇ. 1940ರಲ್ಲಿ ಅಮೆರಿಕದ ಪೋರ್ಟ್‌ಲೆಂಡಿನ ಜಿಮ್ ವಾಕರ್ ಅವರ ಫೈರ್‌ಬಾಲ್ ಎಂಬ ಮಾಡೆಲ್ ಇದನ್ನು ಮನೆಮಾತು ಮಾಡಿತು. ಸ್ಪರ್ಧೆಯ ಸ್ಟಂಟ್ ವರ್ಗಕ್ಕೆ ಅಂತರರಾಷ್ಟ್ರೀಯ ನಿಯಮಗಳಲ್ಲಿ ಎಫ್2ಬಿ ಎಂದು ಹೆಸರು. ನಮ್ಮಲ್ಲಿ ಎನ್‌ಸಿಸಿ ವಾಯುದಳದ ಕೆಡೆಟ್‌ಗಳಾಗಿದ್ದವರಿಗೆ ಏರೋಮಾಡೆಲಿಂಗ್ ಕೋಣೆಯ ಹರಳೆಣ್ಣೆ ಹೊಗೆಯ ವಾಸನೆ ಕೇಳಿದರೆ ಸಾಕು, ಬೇರೆ ವಿವರಣೆ ಬೇಡ.

ಈಗ ಎಂಜಿನ್ ಕಡೆ ಬರೋಣ. ಕ್ಯಾಲಿಫೋರ್ನಿಯಾದ ಸಾಂಟಾ ಆನಾದಲ್ಲಿ ರಾಯ್ ಕಾಕ್ಸ್ ಕಂಪನಿ 1956ರಲ್ಲಿ ಬೇಬ್ ಬೀ ಹೊರತಂದಿತು. ಒಳವ್ಯಾಸ 0.406 ಇಂಚು, ಸ್ಟ್ರೋಕ್ 0.386 ಇಂಚು, ಲೆಕ್ಕ ಹಾಕಿದರೆ 0.05 ಘನ ಇಂಚಿಗೆ ಒಂದು ಕೂದಲೆಳೆ ಕಡಿಮೆ, ನಮ್ಮ ಲೆಕ್ಕದಲ್ಲಿ 0.82 ಸಿಸಿ. ತೂಕ ಸುಮಾರು 45 ಗ್ರಾಂ, ಅಂದರೆ ಒಂದು ಕೋಳಿಮೊಟ್ಟೆಗಿಂತ ಕಡಿಮೆ. ಸಿಲಿಂಡರನ್ನು ಉಕ್ಕಿನ ಸರಳಿನಿಂದ, ಶಾಖ ಚೆಲ್ಲುವ ತೆಳು ರೆಕ್ಕೆಗಳ (ಫಿನ್) ಸಮೇತ, ಲೇತ್‌ನಲ್ಲೇ ಕಡೆದಿದ್ದಾರೆ. ಪಿಸ್ಟನ್‌ಗೆ ರಿಂಗ್ ಇಲ್ಲ, ಕೇವಲ ಹೊಂದಿಕೆಯ ಬಿಗಿಯಿಂದಲೇ ಕಂಪ್ರೆಷನ್ ಹಿಡಿಯುತ್ತದೆ. ಇಷ್ಟು ಸಣ್ಣ ವಸ್ತುವಿನಲ್ಲಿ ಇಂಥ ನಿಖರತೆಯನ್ನು ಆಟಿಕೆಯ ಬೆಲೆಗೆ ಕೊಟ್ಟರು ಎನ್ನುವುದು ಇವತ್ತಿಗೂ ಬೆರಗಿನ ಸಂಗತಿ.

ಕಂಪನಿ ಕೈಬದಲಾಗುತ್ತ 1996ರಲ್ಲಿ ಮಾಡೆಲ್ ರಾಕೆಟ್ ತಯಾರಿಸುವ ಎಸ್ಟೆಸ್ ಕಂಪನಿಯ ಪಾಲಾಯಿತು. 2009ರಲ್ಲಿ ಉಳಿದ ಎಂಜಿನ್ ದಾಸ್ತಾನು ಖಾಸಗಿಯವರಿಗೆ ಮಾರಾಟವಾಗಿ, ಈಗ ಬಿಡಿಭಾಗ ಬೇಕೆಂದರೆ ಅಂಥ ಖಾಸಗಿ ಮಾರಾಟಗಾರರಿಂದ ತರಿಸಬೇಕು. ಹಳೆಯ ಎಂಜಿನ್‌ಗಳು ಸೆಕೆಂಡ್‌ಹ್ಯಾಂಡ್ ತಾಣಗಳಲ್ಲಿ ಬೇಕಾದಷ್ಟಿವೆ. ಲಕ್ಷಗಟ್ಟಲೆ ತಯಾರಾದ ಸರಕು, ಆದ್ದರಿಂದ ಅಪರೂಪದ್ದು ಎಂದು ಯಾರಾದರೂ ಬೆಲೆ ಏರಿಸಿದರೆ ನಂಬಬೇಡಿ.

ಬೆನ್ನಿಗಂಟಿದ ಟ್ಯಾಂಕು

ಈ ಎಂಜಿನ್‌ನ ಜಾಣತನವೂ ಮಿತಿಯೂ ಒಂದೇ ಕಡೆ ಇವೆ. ಇಂಧನದ ಟ್ಯಾಂಕು ಎಂಜಿನ್‌ನ ಬೆನ್ನಿಗೇ ಅಂಟಿಕೊಂಡಿದೆ. ಪುಟ್ಟ ಅಲ್ಯೂಮಿನಿಯಂ ಬಟ್ಟಲು, ಅದರ ಹಿಂದೆ ಇಂಧನದ ಹರಿವನ್ನು ಹೊಂದಿಸುವ ಸೂಜಿ ಕೂತಿರುವ ಮುಚ್ಚಳದ ತಟ್ಟೆ, ಒಳಗೆ ಎಳ್ಳುಕಾಳಿನಷ್ಟು ತೂತಿನ ಕೊಳವೆ. ಹೊರಗೆ ಒಂದೂ ಪೈಪಿಲ್ಲ. ಸಣ್ಣ ಸ್ಕ್ರೂಗಳನ್ನು ಬಿಚ್ಚಿದರೆ ಎಂಜಿನ್, ಟ್ಯಾಂಕು, ಕಾರ್ಬ್ಯುರೇಟರ್ ಎಲ್ಲ ಒಟ್ಟಿಗೆ ಅಂಗೈಗೆ ಬರುತ್ತದೆ. ಹೊತ್ತೊಯ್ಯುವ ವಿಮಾನಕ್ಕೆ ಇದಕ್ಕಿಂತ ಅನುಕೂಲದ ಜೋಡಣೆ ಇನ್ನೊಂದಿಲ್ಲ.

ತೊಡಕು ಪ್ರಮಾಣದ್ದು. ಬೇಬ್ ಬೀ ಟ್ಯಾಂಕಿನಲ್ಲಿ ಹಿಡಿಯುವುದು 5 ಸಿಸಿ. ಎರಡು, ಎರಡೂವರೆ ನಿಮಿಷಕ್ಕೆ ಅದು ಖಾಲಿ. ಪೂರ್ತಿ ಸ್ಟಂಟ್ ಪ್ಯಾಟರ್ನ್ (ಸ್ಪರ್ಧೆಗೆ ಗೊತ್ತುಮಾಡಿದ ಕಸರತ್ತುಗಳ ಸರಣಿ) ಹಾರಿಸಿ ಮುಗಿಸಲು ಐದೂವರೆ, ಆರು ನಿಮಿಷ ಬೇಕು. ಅದಕ್ಕಿಂತ ದೊಡ್ಡ ದೋಷ ಗಾಳಿಕಂಡಿಯದು. ಬೇಬ್ ಬೀ ಟ್ಯಾಂಕಿನ ಗಾಳಿಕಂಡಿಗಳು ಬರೀ ತೂತುಗಳು. ವಿಮಾನ ತಲೆಕೆಳಗಾದೊಡನೆ ಇಂಧನ ಅಲ್ಲಿಂದಲೇ ಚೆಲ್ಲುತ್ತದೆ. ಎರಡು ಲೂಪು, ಒಂದು ಸುತ್ತು ತಲೆಕೆಳಗೆ, ಅಷ್ಟರಲ್ಲಿ ಎಂಜಿನ್ ಕೆಮ್ಮಲು ಶುರು.

ಗೋಲ್ಡನ್ ಬೀ ಮತ್ತು ಬ್ಲ್ಯಾಕ್ ವಿಡೋಗಳ ಟ್ಯಾಂಕು 8 ಸಿಸಿಯದು. ಅದರಲ್ಲಿ ಗಾಳಿಕಂಡಿಗಳಿಗೆ ಒಳಮುಖವಾಗಿ ಚಾಚಿದ ಸಣ್ಣ ಕೊಳವೆಗಳಿವೆ, ಹೀಗಾಗಿ ತಲೆಕೆಳಗಾದರೂ ಇಂಧನ ಸುಲಭಕ್ಕೆ ಹೊರಬೀಳದು. ಇದನ್ನೇ ಸ್ಟಂಟ್ ಟ್ಯಾಂಕು ಎನ್ನುವುದು. ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ ಮಾರುವವರಿಂದ ಟ್ಯಾಂಕಿನ ಬದಿಯ ಚಿತ್ರ ಕೇಳಿ. ಉದ್ದದ ಬಟ್ಟಲಾದರೆ 8 ಸಿಸಿ, ಗಿಡ್ಡದಾದರೆ 5. ಹೆಸರು ನಂಬಬೇಡಿ. ಈ ಎಂಜಿನ್‌ಗಳ ಭಾಗಗಳೆಲ್ಲ ಒಂದಕ್ಕೊಂದು ಕೂರುತ್ತವೆ, ಹೀಗಾಗಿ ಹೊರಗೆ ಬ್ಲ್ಯಾಕ್ ವಿಡೋ, ಒಳಗೆ ಬೇರೆ ಸಿಲಿಂಡರ್ ಎಂಬ ಕಲಬೆರಕೆ ಸಾಮಾನ್ಯ.

ಆರು ನಿಮಿಷ ಬೇಕೇಬೇಕು ಎನ್ನುವವರಿಗೆ ಮೂರನೆಯ ದಾರಿ ಶೂರ್ ಸ್ಟಾರ್ಟ್. ಅದರ ಬೆನ್ನಲ್ಲಿ ಟ್ಯಾಂಕಿಲ್ಲ, ಬರೀ ಸೂಜಿಯಿರುವ ಪ್ಲಾಸ್ಟಿಕ್ ತಟ್ಟೆ. 15 ಸಿಸಿಯ ತಗಡಿನ ಟ್ಯಾಂಕನ್ನು ಬೇರೆಯಾಗಿ ಬಾಡಿಯ ಬದಿಗೆ ಕಟ್ಟಿಕೊಳ್ಳಬೇಕು. ಟ್ಯಾಂಕಿನ ಎತ್ತರವನ್ನು ಹೊಂದಿಸಬಹುದು ಎನ್ನುವುದೇ ಇದರ ಲಾಭ. ನೆಟ್ಟಗೆ ಹಾರುವಾಗ ಒಂದು ಸದ್ದು, ತಲೆಕೆಳಗೆ ಇನ್ನೊಂದು ಸದ್ದು ಬಂದರೆ ಟ್ಯಾಂಕನ್ನು 1–2 ಮಿ.ಮೀ. ಮೇಲೆ ಕೆಳಗೆ ಸರಿಸಿ ಸರಿಮಾಡಬಹುದು. ಬೆನ್ನಿಗಂಟಿದ ಟ್ಯಾಂಕಿನಲ್ಲಿ ಈ ಸ್ವಾತಂತ್ರ್ಯವಿಲ್ಲ.

ನಮ್ಮ ಆಯ್ಕೆ: ಲೂಪು, ತಲೆಕೆಳಗು, ಅಡ್ಡ ಎಂಟು ಕಲಿಯುವವರಿಗೆ 8 ಸಿಸಿಯ ಗೋಲ್ಡನ್ ಬೀ ಅಥವಾ ಬ್ಲ್ಯಾಕ್ ವಿಡೋ. ಪೂರ್ತಿ ಪ್ಯಾಟರ್ನ್ ಅಭ್ಯಾಸಕ್ಕೆ ಶೂರ್ ಸ್ಟಾರ್ಟ್ ಮತ್ತು ಹೊರಟ್ಯಾಂಕು. ಬೇಬ್ ಬೀಯನ್ನು ಮಕ್ಕಳ ಮೊದಲ ವಿಮಾನಕ್ಕೆ ಇಡಿ. ತಲೆ ತಿರುಗುವಷ್ಟರಲ್ಲಿ ನಿಲ್ಲುತ್ತದೆ, ಅದೇ ಅಲ್ಲಿ ಒಳ್ಳೆಯದು.

ವಿಮಾನ: 180 ಗ್ರಾಂ, ಅದಕ್ಕಿಂತ ಒಂದು ಕಾಳೂ ಹೆಚ್ಚು ಬೇಡ

ಈ ಎಂಜಿನ್‌ನ ಬಲಕ್ಕೆ ಹೊಂದುವ ಸ್ಟಂಟ್ ವಿಮಾನದ ಅಳತೆ: ರೆಕ್ಕೆ ತುದಿಯಿಂದ ತುದಿಗೆ 70 ಸೆಂ.ಮೀ., ಅಗಲ 16 ಸೆಂ.ಮೀ., ಬಾಡಿ 50 ಸೆಂ.ಮೀ. ರೆಕ್ಕೆಯ ವಿಸ್ತೀರ್ಣ 1,120 ಚದರ ಸೆಂ.ಮೀ. ತೂಕ 180 ಗ್ರಾಂನಲ್ಲಿ ನಿಂತರೆ ಸಣ್ಣ ಲೂಪು ಬಿಗಿಯಾಗಿ ತಿರುಗುತ್ತದೆ. 220 ದಾಟಿದರೆ ಮೇಲೇರುವಾಗಲೇ ಉಸಿರು ಕಟ್ಟುತ್ತದೆ. ಲೆಕ್ಕ ಹೀಗೆ ಇಟ್ಟುಕೊಳ್ಳಿ: ರೆಕ್ಕೆ 55, ಬಾಡಿ ಮತ್ತು ಬಾಲ 45, ಪ್ರೊಪೆಲ್ಲರ್ ಸಮೇತ ಎಂಜಿನ್ 50, ಬೆಲ್‌ಕ್ರ್ಯಾಂಕ್ (ತಂತಿಯ ಎಳೆತವನ್ನು ತಿರುಗಿಸುವ ಸನ್ನೆ), ಪುಷ್‌ರಾಡ್ (ಅದನ್ನು ಬಾಲಕ್ಕೆ ಮುಟ್ಟಿಸುವ ಸರಳು), ಬೋಲ್ಟು ಎಲ್ಲ ಸೇರಿ 15, ಚಕ್ರ 8, ಹೊರರೆಕ್ಕೆಯ (ತಂತಿಯಿಲ್ಲದ ಬಲರೆಕ್ಕೆಯ) ತುದಿಯ ಭಾರ 6. ಒಟ್ಟು 179. ಪ್ರತಿ ಭಾಗ ಮುಗಿದ ಕೂಡಲೇ ಅಡುಗೆಮನೆಯ ಡಿಜಿಟಲ್ ತಕ್ಕಡಿಗೆ ಇಡಿ. ಎಲ್ಲ ಅಂಟಿಸಿದ ಮೇಲೆ ತೂಗಿ ಪ್ರಯೋಜನವಿಲ್ಲ. ಹುಲ್ಲಿನ ಮೈದಾನವಾದರೆ ಚಕ್ರವನ್ನೇ ಬಿಡಿ. ಜೊತೆಗಾರರೊಬ್ಬರು ಕೈಯಿಂದ ಬಿಟ್ಟರೆ ಸಾಕು, 8 ಗ್ರಾಂ ಉಳಿತಾಯ.

ಬೆಂಗಳೂರಿನವರಿಗೆ ಈ ತೂಕದ ಮಾತು ಇನ್ನೂ ಹೆಚ್ಚು ಅನ್ವಯ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಶೇ. 8ರಷ್ಟು ಕಡಿಮೆ. ಎಂಜಿನ್‌ಗೂ ಅಷ್ಟು ಉಸಿರು ಕಡಿಮೆ, ರೆಕ್ಕೆಗೂ ಅಷ್ಟು ಆಸರೆ ಕಡಿಮೆ. ಮಂಗಳೂರಿನ ಕಡಲತಡಿಯಲ್ಲಿ ಹೊಂದಿಸಿದ ಸೂಜಿಯನ್ನು ಇಲ್ಲಿ ಸ್ವಲ್ಪ ಒಳಗೆ ತಿರುಗಿಸಬೇಕಾಗುತ್ತದೆ.

ಹೊತ್ತೊಯ್ಯುವುದು ಎಂದ ಕೂಡಲೇ ಎಲ್ಲರೂ ರೆಕ್ಕೆಯನ್ನು ನಡುವೆ ಕತ್ತರಿಸಿ ಕಾರ್ಬನ್ ಕೊಳವೆಯಿಂದ ಜೋಡಿಸಲು ಹೊರಡುತ್ತಾರೆ. ಬೇಡ. ಜೋಡಣೆಯ ಕೊಳವೆ, ಅದರ ಗೂಡು, ಸುತ್ತಲಿನ ಪ್ಲೈ ಸೇರಿ 12–15 ಗ್ರಾಂ ಹೆಚ್ಚುತ್ತದೆ, ಅದೂ ಒತ್ತಡ ಅತಿ ಹೆಚ್ಚು ಬೀಳುವ ನಡುಭಾಗದಲ್ಲಿ. ಒಳಗೆ 65 ಸೆಂ.ಮೀ. ಉದ್ದ, 45 ಅಗಲ ಇರುವ ಸೂಟ್‌ಕೇಸಿನ ಮೂಲೆಯಿಂದ ಮೂಲೆಗೆ 79 ಸೆಂ.ಮೀ. ಸಿಗುತ್ತದೆ. 16 ಸೆಂ.ಮೀ.ಗಿಂತ ಹೆಚ್ಚು ಆಳವಿದ್ದರೆ, 70ರ ರೆಕ್ಕೆ ಅಂಚಿನ ಮೇಲೆ ನಿಂತು ಓರೆಯಾಗಿ ಇಡಿಯಾಗಿಯೇ ಹಿಡಿಸುತ್ತದೆ; ಚಪ್ಪಟೆ ಮಲಗಿಸಿದರೆ ಹಿಡಿಸದು. ಬಾಡಿ ಮತ್ತು ರೆಕ್ಕೆ ಬೇರೆಯಾದರೆ ಸಾಕು.

ಬೇರೆಯಾಗುವ ಜಾಗ ಮಾತ್ರ ಯೋಚಿಸಿ ಮಾಡಬೇಕಾದದ್ದು. ಬಾಡಿ ಎಂದರೆ 8 ಮಿ.ಮೀ. ದಪ್ಪದ ಬಾಲ್ಸಾ (ಬಹು ಹಗುರ ಮರ) ಹಲಗೆಯಿಂದ ಕತ್ತರಿಸಿದ ಪಕ್ಕನೋಟ, ಒಳಗೆ ಪೊಳ್ಳಿಲ್ಲ. ರೆಕ್ಕೆಯ ಮೇಲಿನ ಅರ್ಧ ಹೊಂದುವಂತೆ ಬಾಡಿಯ ಕೆಳಗಿನಿಂದ ಒಂದು ಕಚ್ಚು ತೆಗೆಯಿರಿ. ಕಚ್ಚಿನ ಅಂಚಿಗೆ ಎರಡೂ ಬದಿ ತ್ರಿಕೋನ ಬಾಲ್ಸಾ ಅಂಟಿಸಿ, ಕೂರುವ ಜಾಗವನ್ನು 40 ಮಿ.ಮೀ. ಅಗಲ ಮಾಡಿ, ಇಲ್ಲದಿದ್ದರೆ ಎಂಟು ಮಿ.ಮೀ. ಹಲಗೆಯ ಮೇಲೆ ರೆಕ್ಕೆ ತೂಗಾಡುತ್ತದೆ. ಮುಂದೊಂದು, ಹಿಂದೊಂದು 4 ಮಿ.ಮೀ. ನೈಲಾನ್ ಬೋಲ್ಟು. ಉಕ್ಕಿನದು ಹಾಕಬಾರದು. ನೆಲಕ್ಕೆ ಬಡಿದಾಗ ನೈಲಾನ್ ಮುರಿಯುತ್ತದೆ, ರೆಕ್ಕೆ ಉಳಿಯುತ್ತದೆ. ಉಕ್ಕಾದರೆ ಬೋಲ್ಟು ಉಳಿಯುತ್ತದೆ, ವಿಮಾನ ಉಳಿಯುವುದಿಲ್ಲ. ಕಾಕ್ಸ್ ಕಂಪನಿಯೇ ತನ್ನ ಪಿಟಿ-19 ಆಟಿಕೆ ವಿಮಾನದಲ್ಲಿ ರೆಕ್ಕೆಯನ್ನು ರಬ್ಬರ್ ಬ್ಯಾಂಡಿನಿಂದ ಬಿಗಿದದ್ದು ಇದೇ ಕಾರಣಕ್ಕೆ. ಬಿದ್ದರೆ ಬಿಡಿಬಿಡಿಯಾಗಲಿ, ಪುಡಿಪುಡಿಯಾಗದಿರಲಿ ಎಂದು.

ಬೆಲ್‌ಕ್ರ್ಯಾಂಕನ್ನು ಬಾಡಿಯಲ್ಲಿ ಕೂರಿಸಬೇಡಿ, ರೆಕ್ಕೆಯ ನಡುವಿನ ಎರಡು ಪಕ್ಕೆಲುಬುಗಳ ನಡುವೆ 3 ಮಿ.ಮೀ. ಪ್ಲೈ ತುಂಡಿಗೆ ಹಾಕಿ. ತಂತಿಯ ಎಳೆತ ರೆಕ್ಕೆಯಲ್ಲಿ ಹುಟ್ಟಿ ರೆಕ್ಕೆಯಲ್ಲೇ ಮುಗಿಯಬೇಕು. ಬೋಲ್ಟುಗಳ ಮೇಲೆ ಬೀಳುವುದು ಬಾಡಿಯ ಪಾಲಿನ ಭಾರ ಮಾತ್ರ. 50 ಮಿ.ಮೀ. ಬೆಲ್‌ಕ್ರ್ಯಾಂಕ್, ಅದರಿಂದ 1.5 ಮಿ.ಮೀ. ತಂತಿಯ ಪುಷ್‌ರಾಡ್ ಬಾಡಿಯ ಪಕ್ಕದಲ್ಲಿ ಹಿಂದಕ್ಕೆ. ಬೆಲ್‌ಕ್ರ್ಯಾಂಕ್ ಕಡೆಯ ತುದಿಗೆ ಕಚ್ಚುವ ಕ್ಲೆವಿಸ್ (ಕವೆಯಂಥ ಕೊಂಡಿ), ಅದರ ಮೇಲೆ ಅರ್ಧ ಸೆಂ.ಮೀ. ಸಿಲಿಕೋನ್ ಪೈಪಿನ ಉಂಗುರ. ಆ ಉಂಗುರ ಮರೆತರೆ ಕಂಪನಕ್ಕೆ ಕ್ಲೆವಿಸ್ ತೆರೆದುಕೊಂಡು, ಎಲಿವೇಟರ್ (ಏರಿಳಿಸುವ ಬಾಲದ ಹಲಗೆ) ತನ್ನಿಷ್ಟಕ್ಕೆ ಆಡತೊಡಗುತ್ತದೆ. ಪುಷ್‌ರಾಡ್ ಉದ್ದವಾದ್ದರಿಂದ ನಡುವೆ ಒಂದೆರಡು ಕಡೆ ಅದು ಜಾರಿ ಆಡುವಂತೆ ಹಿಡಿದಿಡುವ ಕೊಂಡಿ ಕೊಡಿ, ಇಲ್ಲದಿದ್ದರೆ ಒತ್ತುವಾಗ ಬಿಲ್ಲಿನಂತೆ ಬಾಗುತ್ತದೆ. ಮೇಲೆತ್ತುವ ಆಜ್ಞೆ ತಲುಪುತ್ತದೆ, ಇಳಿಸುವುದು ಅರ್ಧವೇ ತಲುಪುತ್ತದೆ. ಎಲ್ಲ ಜೋಡಿಸಿದ ಮೇಲೆ ವಿಮಾನವನ್ನು ಓರೆ ಹಿಡಿದು ನೋಡಿ. ಎಲಿವೇಟರ್ ತನ್ನ ಭಾರಕ್ಕೇ ತಾನು ಬೀಳಬೇಕು. ಬೀಳದಿದ್ದರೆ ಎಲ್ಲೋ ಉಜ್ಜುತ್ತಿದೆ. ಇಷ್ಟು ಸಣ್ಣ ವಿಮಾನದಲ್ಲಿ ತಂತಿಯ ಎಳೆತವೇ ಕಡಿಮೆ, ಘರ್ಷಣೆ ಅದನ್ನೂ ನುಂಗಿಬಿಡುತ್ತದೆ.

ರೆಕ್ಕೆಯ ಪಕ್ಕೆಲುಬುಗಳಿಗೆ 1.5 ಮಿ.ಮೀ. ಬಾಲ್ಸಾ, ಐದು ಸೆಂ.ಮೀ. ಅಂತರ, ನಡುದಪ್ಪ 26 ಮಿ.ಮೀ. ತೆಳುರೆಕ್ಕೆ ವೇಗವಾಗಿ ಹೋದೀತು, ಆದರೆ ಚೌಕ ತಿರುವಿನಲ್ಲಿ ಎತ್ತುಬಲ ಕಳೆದುಕೊಂಡು ಕುಸಿಯುತ್ತದೆ. ಹೊದಿಕೆಗೆ ಇಸ್ತ್ರಿಪೆಟ್ಟಿಗೆಯಿಂದ ಅಂಟಿಸುವ ಹಗುರ ಫಿಲ್ಮು ಸಾಕು. ಬಿಸಿ ಹೆಚ್ಚಾದರೆ ರೆಕ್ಕೆ ತಿರುಚಿಕೊಳ್ಳುತ್ತದೆ, ಆದ್ದರಿಂದ ಮೇಲೊಂದಷ್ಟು ಕೆಳಗೊಂದಷ್ಟು ಬಿಗಿಸುತ್ತ ಹೋಗಿ. ಬಾಲದ ತಟ್ಟೆ 28 × 9 ಸೆಂ.ಮೀ., 3 ಮಿ.ಮೀ. ಬಾಲ್ಸಾ, ಅದರಲ್ಲಿ ಹಿಂದಿನ 4 ಸೆಂ.ಮೀ. ಎಲಿವೇಟರ್. ಮೇಲಕ್ಕೂ ಕೆಳಕ್ಕೂ 30 ಡಿಗ್ರಿ ಆಡಿದರೆ ಸಾಕು. ಫ್ಲ್ಯಾಪ್ (ರೆಕ್ಕೆಯ ಹಿಂದಂಚಿನ ಆಡುವ ಪಟ್ಟಿ) ಈ ಗಾತ್ರಕ್ಕೆ ಬೇಡ, ತೂಕಕ್ಕೆ ತಕ್ಕ ಫಲವಿಲ್ಲ.

ಎಂಜಿನ್ ಕೂರುವ ಫೈರ್‌ವಾಲ್ 4–5 ಮಿ.ಮೀ. ಪ್ಲೈ, ಎಪಾಕ್ಸಿಯಿಂದ ಅಂಟಿಸಿ ಎರಡು ಬದಿ ತ್ರಿಕೋನ ಬಾಲ್ಸಾ ಆಸರೆ. ಹೊರಮುಖವಾಗಿ ಸುಮಾರು 2 ಡಿಗ್ರಿ ಓರೆ ಇರಲಿ, ತಂತಿ ಬಿಗಿಯಾಗಿರಲು ಅದು ನೆರವಾಗುತ್ತದೆ. ಮರದ ಸ್ಕ್ರೂ ಹಾಕಿದರೆ ನಾಲ್ಕನೆಯ ಹಾರಾಟಕ್ಕೆ ಸಡಿಲ. ಹಿಂದೆ ಬ್ಲೈಂಡ್ ನಟ್ಟು ಕೂರಿಸಿ ಬೋಲ್ಟು ಬಿಗಿಯಿರಿ. ಮೂತಿಯ ಮರಕ್ಕೆಲ್ಲ ತೆಳು ಎಪಾಕ್ಸಿ ಬಳಿಯಲೇಬೇಕು. ಬರೀ ಬಾಲ್ಸಾ ಹರಳೆಣ್ಣೆ ಕುಡಿದು ಮೆತ್ತಗಾದರೆ ಮುಂದೆ ಯಾವ ಅಂಟೂ ಹಿಡಿಯದು.

ತೂಕದ ಕೇಂದ್ರ ಮೊದಲ ಹಾರಾಟಕ್ಕೆ ರೆಕ್ಕೆಯ ಮುಂದಂಚಿನಿಂದ 32 ಮಿ.ಮೀ. ಹಿಂದೆ. ಕೈ ಹಿಡಿತಕ್ಕೆ ಬಂದ ಮೇಲೆ ಸ್ವಲ್ಪ ಸ್ವಲ್ಪವಾಗಿ 40ಕ್ಕೆ ತನ್ನಿ. ಅದಕ್ಕಿಂತ ಹಿಂದೆ ಹೋದರೆ ವಿಮಾನ ನೇರ ಹಾರದೆ ಮೇಲೆ ಕೆಳಗೆ ಕುಣಿಯುತ್ತದೆ, ಸರಿಮಾಡಲು ಹೋದಷ್ಟೂ ಕುಣಿತ ಹೆಚ್ಚು. ತಂತಿ ಹೊರಬರುವ ಜಾಗ ತೂಕದ ಕೇಂದ್ರಕ್ಕಿಂತ 10 ಮಿ.ಮೀ. ಹಿಂದಿರಲಿ.

ತಂತಿ

10.7 ಮೀಟರ್, ಅಂದರೆ 35 ಅಡಿ. ಇದಕ್ಕೆ ಒಂದು ಸರಳ ಲೆಕ್ಕವಿದೆ. 180 ಗ್ರಾಂ ವಿಮಾನ ಕೈಯನ್ನೂ ಸೇರಿಸಿ 11.5 ಮೀಟರ್ ತ್ರಿಜ್ಯದಲ್ಲಿ ಸೆಕೆಂಡಿಗೆ 16 ಮೀಟರ್ ಹೋದರೆ ಒಂದು ಸುತ್ತಿಗೆ 4.5 ಸೆಕೆಂಡು, ತಂತಿಯ ಎಳೆತ 400 ಗ್ರಾಂ ಚಿಲ್ಲರೆ. ಅದೇ ವಿಮಾನ ತಲೆಯ ಮೇಲೆ ಬಂದಾಗ ತನ್ನ ಭಾರ ಕಳೆದು ಉಳಿಯುವುದು 230. ಏರುತ್ತ ವೇಗ 13ಕ್ಕೆ ಇಳಿಯಿತೆನ್ನಿ, ಉಳಿಯುವುದು ಬರೀ 90 ಗ್ರಾಂ. ಅಷ್ಟು ಎಳೆತದಲ್ಲಿ ಒಂದು ಗಾಳಿ ಬೀಸಿದರೆ ತಂತಿ ಸಡಿಲ, ಹಿಡಿತ ತಪ್ಪಿತು. ದೊಡ್ಡ ವಿಮಾನದವರಂತೆ ಉದ್ದ ತಂತಿ ಕಟ್ಟುವವರು ಎಡವುವುದು ಇಲ್ಲೇ. ತಲೆಯ ಮೇಲೆ ಸಡಿಲವಾಗುತ್ತಿದೆ ಎನಿಸಿದರೆ ಮೊದಲು ಅರ್ಧ ಮೀಟರ್ ಕತ್ತರಿಸಿ, ಆಮೇಲೆ ಬೇರೆ ಯೋಚನೆ ಮಾಡಿ. ಗಂಟೆಗೆ 15 ಕಿ.ಮೀ. ಮೀರಿ ಗಾಳಿ ಬೀಸುವ ದಿನ ಈ ವಿಮಾನ ಮನೆಯಲ್ಲೇ ಇರಲಿ.

0.3 ಮಿ.ಮೀ. ಹೆಣೆದ ಉಕ್ಕಿನ ತಂತಿ ಗಟ್ಟಿ, 0.2 ಮಿ.ಮೀ. ಹಗುರ, ಗಾಳಿಯ ತಡೆಯೂ ಕಡಿಮೆ, ಆದರೆ ಒಮ್ಮೆ ಮಡಿಕೆ ಬಿದ್ದರೆ ಅಲ್ಲೇ ತುಂಡಾಗುತ್ತದೆ. ಮೀನು ಹಿಡಿಯುವವರ ಹೆಣೆದ ಸ್ಪೆಕ್ಟ್ರಾ ದಾರವೂ ನಡೆಯುತ್ತದೆ, ಚೀಲದಲ್ಲಿ ಸುತ್ತಿಡಲು ಸುಲಭ. ಗಂಟು ಜಾರದಂತೆ ಒಂದು ಹನಿ ಸಿಎ ಗಮ್ (ಸೂಪರ್ ಗ್ಲೂ) ಹಾಕಿ, ಬಿಸಿ ಸಿಲಿಂಡರ್‌ಗೆ ತಾಗಿಸಬೇಡಿ. ಸಾಮಾನ್ಯ ನೈಲಾನ್ ಗಾಳದ ದಾರ ಮಾತ್ರ ಬೇಡವೇ ಬೇಡ, ರಬ್ಬರಿನಂತೆ ಹಿಗ್ಗುತ್ತದೆ. ಹಾರಿಸುವ ಮೊದಲು ವಿಮಾನವನ್ನು ಒಬ್ಬರು ಹಿಡಿದು, ಕೈಹಿಡಿಗೆ 2 ಕಿಲೋ ಎಳೆತ ಕೊಟ್ಟು ನೋಡಿ. ಕೈಹಿಡಿಯಿಂದ ಮಣಿಕಟ್ಟಿಗೆ ಒಂದು ದಾರ ಕಟ್ಟಿಕೊಳ್ಳಿ. ಕರೆಂಟ್ ತಂತಿ ಕಾಣುವ ಮೈದಾನ ಬೇಡ. ನಿಮ್ಮ ಕೈಯಲ್ಲಿರುವುದೂ ಲೋಹದ ತಂತಿಯೇ.

ಸ್ಟಾರ್ಟ್ ಮಾಡುವುದು, ಮತ್ತು ಆಗದಿದ್ದರೆ

ಇಂಧನದಲ್ಲಿ ಮೆಥನಾಲ್, ನೈಟ್ರೋಮಿಥೇನ್, ಎಣ್ಣೆ. ನೈಟ್ರೋ ಶೇ. 15ರಿಂದ 30. ಎಣ್ಣೆ ಶೇ. 18–20, ಅದರಲ್ಲಿ ಅರ್ಧವಾದರೂ ಹರಳೆಣ್ಣೆ. ಪಿಸ್ಟನ್ ಒಳಗೆ ಕನೆಕ್ಟಿಂಗ್ ರಾಡ್ ಗುಂಡುತಲೆಯ ಕೀಲಿನಲ್ಲಿ ಕೂತಿದೆ, ಆ ಕೀಲನ್ನು ಬಿಸಿಯಲ್ಲೂ ಕಾಯುವುದು ಹರಳೆಣ್ಣೆಯೇ. ದೊಡ್ಡ ಎಂಜಿನ್‌ಗೆಂದು ಮಾರುವ ಕಡಿಮೆ ಎಣ್ಣೆಯ ಇಂಧನ ಹಾಕಿದರೆ ಮೊದಲು ಸವೆಯುವುದು ಅದೇ. ನೈಟ್ರೋ ಇಲ್ಲದ ಮಿಶ್ರಣದಲ್ಲಿ ಎಂಜಿನ್ ಓಡುತ್ತದೆ, ಆದರೆ ಚುರುಕಿಲ್ಲ; ನಮ್ಮಲ್ಲಿ ನೈಟ್ರೋ ಸಿಗುವುದು ಕಷ್ಟ ಎನ್ನುವುದನ್ನು ಎಂಜಿನ್ ತರಿಸುವ ಮೊದಲೇ ಯೋಚಿಸಿ. ತಲೆಗೆ ಹಚ್ಚುವ ಪರಿಮಳದ ಹರಳೆಣ್ಣೆ ಬೇಡ. ಮೆಥನಾಲ್ ವಿಷ, ಕಣ್ಣಿಗೆ ಕೆಡುಕು. ಗಾಳಿಯ ತೇವವನ್ನೂ ಹೀರುತ್ತದೆ. ಮಳೆಗಾಲದಲ್ಲಿ ಅರ್ಧ ತುಂಬಿದ ಡಬ್ಬಿ ಒಂದು ತಿಂಗಳು ಸಡಿಲ ಮುಚ್ಚಳದಲ್ಲಿದ್ದರೆ ಆ ಇಂಧನದ ಆಸೆ ಬಿಡಿ.

ಪ್ರೊಪೆಲ್ಲರ್ 6×3 ಇಂಚಿನದು. 5×3 ಹಾಕಿದರೆ ಸದ್ದು ಜೋರು, ಎಳೆತ ಕಡಿಮೆ. ಮೆಡಿಕಲ್ ಅಂಗಡಿಯ 10 ಮಿ.ಲೀ. ಸಿರಿಂಜಿನಿಂದ ಟ್ಯಾಂಕು ತುಂಬಿ. ಸೂಜಿ ಪೂರ್ತಿ ಮುಚ್ಚಿ ಮೂರು ಸುತ್ತು ಬಿಚ್ಚಿ. ಎಗ್ಜಾಸ್ಟ್ ಕಂಡಿಗೆ ಎರಡು ಹನಿ ಇಂಧನ, ಗ್ಲೋ ಹೆಡ್‌ಗೆ (ಇಂಧನ ಹೊತ್ತಿಸುವ ತಂತಿಯಿರುವ ಸಿಲಿಂಡರ್ ಮುಚ್ಚಳ) ಬ್ಯಾಟರಿ ಕ್ಲಿಪ್, ಪ್ರೊಪೆಲ್ಲರ್ ಹಿಂದಿನ ಸ್ಟಾರ್ಟರ್ ಸ್ಪ್ರಿಂಗನ್ನು ಒಂದು ಸುತ್ತು ಹಿಂದಕ್ಕೆ ತಿರುಗಿಸಿ ಬಿಡಿ. ಕೈಬೆರಳಿನಿಂದ ತಟ್ಟಿ ಸ್ಟಾರ್ಟ್ ಮಾಡುವ ಪೌರುಷ ಬೇಡ. ಇದು ರೀಡ್ ವಾಲ್ವಿನ (ತಾನೇ ತೆರೆದು ಮುಚ್ಚುವ ತೆಳು ಕವಾಟದ) ಎಂಜಿನ್, ಎರಡೂ ದಿಕ್ಕಿಗೆ ಸಂತೋಷವಾಗಿ ಓಡುತ್ತದೆ. ಹಿಮ್ಮುಖ ಓಡಿದರೆ ಒದ್ದೆ ಬಟ್ಟೆಯನ್ನು ಪ್ರೊಪೆಲ್ಲರ್‌ಗೆ ಎಸೆದು ನಿಲ್ಲಿಸಿ, ಮತ್ತೆ ಶುರುಮಾಡಿ.

ಒಂದೂ ಕೆಮ್ಮು ಬರದಿದ್ದರೆ ತಪ್ಪು ಸಾಮಾನ್ಯವಾಗಿ ಬ್ಯಾಟರಿಯದು. ಗ್ಲೋ ಹೆಡ್‌ನ ತಂತಿ 1.5 ವೋಲ್ಟಿನಲ್ಲಿ ಎರಡು ಮೂರು ಆಂಪಿಯರ್ ಎಳೆಯುತ್ತದೆ. ಗಡಿಯಾರದ ಸೆಲ್ಲು ಅಷ್ಟು ಕೊಡಲಾರದು. ಟಾರ್ಚಿನ ದಪ್ಪ ಸೆಲ್ಲು ಬಳಸಿ, ವೈರು ಗಿಡ್ಡವಾಗಿರಲಿ. ಹೆಡ್ ಬಿಚ್ಚಿ ನೋಡಿದಾಗ ಕಿತ್ತಳೆ ಬಣ್ಣಕ್ಕೆ ಹೊಳೆಯಬೇಕು, ಮಂಕು ಕೆಂಪಾದರೆ ಸಾಲದು. ಕಾಕ್ಸ್‌ನಲ್ಲಿ ಪ್ಲಗ್ ಬೇರೆಯಿಲ್ಲ, ತಂತಿ ಸುಟ್ಟರೆ ಇಡೀ ಹೆಡ್ಡೇ ಬದಲಿಸಬೇಕು. ಈ ಎಂಜಿನ್‌ನ ನಿಜವಾದ ಖರ್ಚು ಇದೇ. ಒಂದಲ್ಲ, ಮೂರು ಹೆಡ್ ತರಿಸಿಡಿ, ಜೊತೆಗೆ ತಾಮ್ರದ ಗ್ಯಾಸ್ಕೆಟ್. ಸಾಮಾನ್ಯ ಗ್ಲೋ ಪ್ಲಗ್ ಕೂರಿಸುವ ಅಡಾಪ್ಟರ್ ಹೆಡ್‌ಗಳೂ ಸಿಗುತ್ತವೆ.

ಹಾಕಿದ ಎರಡು ಹನಿ ಉರಿದು ನಿಂತುಬಿಟ್ಟರೆ ಟ್ಯಾಂಕಿನ ಇಂಧನ ಬರುತ್ತಿಲ್ಲ. ಒಳಗಿನ ಕೊಳವೆ ವರ್ಷಗಳಿಂದ ಗಟ್ಟಿಯಾಗಿ ಸೀಳಿರುತ್ತದೆ, ಇಲ್ಲವೇ ರೀಡ್ ಹಳೆಯ ಹರಳೆಣ್ಣೆಯ ಅಂಟಿಗೆ ಕಚ್ಚಿಕೊಂಡಿರುತ್ತದೆ. ಬಿಚ್ಚಿ, ಮೆಥನಾಲ್‌ನಲ್ಲಿ ತೊಳೆದು, ಹೊಸ ಸಿಲಿಕೋನ್ ಕೊಳವೆ ಹಾಕಿ. ಹಾಕುವಾಗಲೇ ಕೊಳವೆಯ ತುದಿ ಹೊರರೆಕ್ಕೆಯ ಬದಿಗೆ, ಟ್ಯಾಂಕಿನ ಎತ್ತರದ ನಡುಮಟ್ಟದಲ್ಲಿ ಇರುವಂತೆ ನೋಡಿಕೊಳ್ಳಿ. ಸುತ್ತುವಾಗ ಇಂಧನವೆಲ್ಲ ಆ ಬದಿಗೇ ಒತ್ತರಿಸುತ್ತದೆ. ತುದಿ ಒಳಬದಿಗಿದ್ದರೆ ಅರ್ಧ ಟ್ಯಾಂಕು ತುಂಬಿರುವಾಗಲೇ ಎಂಜಿನ್ ನಿಲ್ಲುತ್ತದೆ. ಟ್ಯಾಂಕು ಸಣ್ಣದಾಯಿತು ಎಂದು ಗೊಣಗುವವರಲ್ಲಿ ಅರ್ಧ ಮಂದಿಯ ತೊಂದರೆ ಇದೇ ಇದ್ದೀತು.

ಓಡುತ್ತ ಏರಿಳಿಯುತ್ತಿದ್ದರೆ ಎಲ್ಲೋ ಗಾಳಿ ಸೇರುತ್ತಿದೆ. ಸೂಜಿಯ ಥ್ರೆಡ್‌ನಲ್ಲಿ ಸಡಿಲಿದ್ದರೆ ಅದರ ಮೇಲೆ ಸಿಲಿಕೋನ್ ಪೈಪಿನ ತುಂಡು ಏರಿಸಿ. ಟ್ಯಾಂಕಿನ ಗ್ಯಾಸ್ಕೆಟ್ ಹೊಸದು ಹಾಕಿ. ಸ್ಕ್ರೂಗಳನ್ನು ಎದುರುಬದುರು ಸ್ವಲ್ಪ ಸ್ವಲ್ಪವಾಗಿ ಬಿಗಿಯಿರಿ. ಒಂದೇ ಬದಿ ಹಿಂಡಿದರೆ ತಟ್ಟೆ ಸೊಟ್ಟಗಾಗುತ್ತದೆ. ಸರಿಯಾಗಿ ಹೊಂದಿದ ಎಂಜಿನ್‌ನ ಮೂತಿಯನ್ನು ಮೇಲೆತ್ತಿದರೆ ಸದ್ದು ಕೊಂಚ ಏರಬೇಕು, ಉಸಿರುಗಟ್ಟಬಾರದು.

ಪ್ರೊಪೆಲ್ಲರ್ ಹಿಡಿದು ನಿಧಾನಕ್ಕೆ ಆಡಿಸಿದಾಗ ಒಳಗೆ ಟಿಕ್ ಟಿಕ್ ಸದ್ದು ಕೇಳಿದರೆ ಗುಂಡುಕೀಲು ಸಡಿಲವಾಗಿದೆ. ಅದನ್ನು ಬಿಗಿಸುವ ಉಪಕರಣ ಸಿಗುತ್ತದೆ. ಕೂದಲೆಳೆಯಷ್ಟು ಆಟ ಉಳಿಸಿ ನಿಲ್ಲಿಸಿ, ಪೂರ್ತಿ ಬಿಗಿದರೆ ಕೀಲು ಹಿಡಿದುಕೊಳ್ಳುತ್ತದೆ. ಮೂತಿ ಮಣ್ಣಿಗೆ ಬಡಿದಿದ್ದರೆ ತಿರುಗಿಸಿ ನೋಡುವ ಚಪಲ ಬೇಡ. ಮೊದಲು ಇಂಧನ ಸುರಿದು ತೊಳೆಯಿರಿ. ಒಂದು ಮರಳಿನ ಕಣ ಸಾಕು, ಸಿಲಿಂಡರ್‌ಗೆ ಗೀರು ಬೀಳಲು. ವರ್ಷಗಟ್ಟಲೆ ಪೆಟ್ಟಿಗೆಯಲ್ಲಿದ್ದು ಬಿಗಿದುಹೋದ ಎಂಜಿನ್‌ಗೆ ಹೇರ್‌ಡ್ರೈಯರ್‌ನ ಬಿಸಿ ಕೊಡಿ, ಹರಳೆಣ್ಣೆ ಕರಗುತ್ತದೆ. ಸಿಲಿಂಡರ್‌ನ ತೆಳು ರೆಕ್ಕೆಗಳಿಗೆ ಇಕ್ಕಳ ಹಾಕಿದವರ ಗುರುತು ಹಳೆಯ ಎಂಜಿನ್‌ಗಳ ಮೇಲೆಲ್ಲ ಕಾಣುತ್ತದೆ. ಕಾಕ್ಸ್ ಸ್ಪ್ಯಾನರ್ ಒಂದನ್ನು ಎಂಜಿನ್ ಜೊತೆಗೇ ತರಿಸಿ.

ವಿಮಾನದಲ್ಲಿ ವಿಮಾನ

ಕಾರಿನಲ್ಲಿ ಹೋಗುವವರಿಗೆ ಈ ಜೋಡಣೆಯಲ್ಲಿ ಕೊರತೆಯಿಲ್ಲ. ವಿಮಾನಯಾನದಲ್ಲಿ ಕಥೆ ಬೇರೆ. ಇಂಧನವನ್ನು ಯಾವ ಬ್ಯಾಗಿನಲ್ಲೂ ಒಯ್ಯುವಂತಿಲ್ಲ. ಇಂಧನ ಕಂಡ ಎಂಜಿನ್‌ಗೂ ವಾಸನೆ ಬಂದರೆ ತಡೆ ಬೀಳುತ್ತದೆ. ಹೋಗುವ ಊರಿನ ಕ್ಲಬ್ಬಿನಲ್ಲಿ ನೈಟ್ರೋ ಇಂಧನ ಸಿಗುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು.

ಹೀಗಾಗಿ ಪದೇ ಪದೇ ಹಾರುವ ಪ್ರಯಾಣಿಕರಿಗೆ ಇದೇ ವಿಮಾನಕ್ಕೆ ವಿದ್ಯುತ್ ಮೋಟರು ಹೊಂದುತ್ತದೆ. 25 ಗ್ರಾಂ ಬ್ರಶ್‌ಲೆಸ್ ಮೋಟರು, 10 ಗ್ರಾಂ ಸ್ಪೀಡ್ ಕಂಟ್ರೋಲರ್, 5 ಗ್ರಾಂ ಟೈಮರ್, 3 ಸೆಲ್ಲಿನ 450 ಎಂಎಎಚ್ ಲಿಪೋ ಬ್ಯಾಟರಿ 40 ಗ್ರಾಂ. ಒಟ್ಟು 80, ಇಂಧನ ತುಂಬಿದ ಕಾಕ್ಸ್‌ಗಿಂತ ಸುಮಾರು 25 ಗ್ರಾಂ ಹೆಚ್ಚು. ಪ್ರತಿಯಾಗಿ ತಲೆಕೆಳಗಿದ್ದರೂ ಅದೇ ಬಲ, ಟೈಮರ್ ಹೇಳಿದಷ್ಟು ಹೊತ್ತು ಓಟ, ಬಟ್ಟೆಗೆ ಎಣ್ಣೆಯಿಲ್ಲ. ಬ್ಯಾಟರಿ 5 ವ್ಯಾಟ್-ಅವರ್, ಕೈಬ್ಯಾಗಿನಲ್ಲಿ ತುದಿಗಳಿಗೆ ಟೇಪ್ ಸುತ್ತಿ ಒಯ್ಯಬೇಕು, ಚೆಕ್-ಇನ್ ಸೂಟ್‌ಕೇಸಿಗೆ ಹಾಕುವಂತಿಲ್ಲ. ಬೋಲ್ಟಿನ ತೂತುಗಳನ್ನು ಒಂದೇ ಅಳತೆಗೆ ಕೊರೆದ ಎರಡು ಬಾಡಿ ಮಾಡಿಟ್ಟುಕೊಂಡರೆ ಒಂದೇ ರೆಕ್ಕೆ ಎರಡಕ್ಕೂ ಕೂರುತ್ತದೆ. ಒಂದಕ್ಕೆ ಕಾಕ್ಸ್, ಇನ್ನೊಂದಕ್ಕೆ ಮೋಟರು.

ಕಾಕ್ಸ್ ಒಯ್ಯುವವರು ದಿನದ ಕೊನೆಯ ಹಾರಾಟದಲ್ಲಿ ಟ್ಯಾಂಕಿನ ಇಂಧನ ಪೂರ್ತಿ ಉರಿದು ತೀರುವವರೆಗೆ ಓಡಿಸಿ. ಎಂಜಿನ್ ಬಿಚ್ಚಿ, ಟ್ಯಾಂಕಿನ ಒಳಹೊರಗು ತೊಳೆದು, ಎಗ್ಜಾಸ್ಟ್ ಕಂಡಿಯಿಂದ ನಾಲ್ಕು ಹನಿ ತೆಳು ಯಂತ್ರದೆಣ್ಣೆ ಬಿಟ್ಟು ಪ್ರೊಪೆಲ್ಲರ್ ಹತ್ತು ಸಲ ತಿರುಗಿಸಿ. ಸೂಜಿಯನ್ನು ಬಿಚ್ಚಿ ಬೇರೆ ಡಬ್ಬಿಯಲ್ಲಿಡಿ, ಸಾಗಾಟದಲ್ಲಿ ಬಾಗುವುದು ಅದೇ ಮೊದಲು. ರೆಕ್ಕೆಯನ್ನು ಬಟ್ಟೆಗಳ ನಡುವೆ ಅಂಚಿನ ಮೇಲೆ ಓರೆಯಾಗಿ ನಿಲ್ಲಿಸಿ, ಆದರೆ ತಂತಿಯ ಸುರುಳಿಯನ್ನು ಅದರ ಮೇಲಿಡಬೇಡಿ.